ಹಳೆಯ ಡೀಸೆಲ್ ಗಾಡಿಯ ಲೀಕ್: ಮೊದಲು ಜಾಗ ಹುಡುಕಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ದೋಣಿ ದಡದಲ್ಲಿದ್ದರೆ ನಮ್ಮ ಮೀನಿನ ಗಾಡಿಗೂ ಹೆಚ್ಚು ಕಡಿಮೆ ರಜೆ. ಆ 61 ದಿನಗಳಲ್ಲಿ ನಾನು ಮಾಡುವ ಮೊದಲ ಕೆಲಸ, ನನ್ನ ಹಳೆಯ ಟಾಟಾ 407ರ ಅಡಿಗೆ ಹೋಗಿ ಎಲ್ಲೆಲ್ಲಿ ಒದ್ದೆಯಾಗಿದೆ ಎಂದು ನೋಡುವುದು.

"ಹಳೆ ಗಾಡಿ ಅಲ್ವಾ ಮಾರಾಯ್ರೆ, ಸ್ವಲ್ಪ ಲೀಕ್ ಇದ್ದೇ ಇರ್ತದೆ" ಎಂದು ಹೇಳುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಮಳೆಗೆ ನೆನೆದ ರಸ್ತೆಯ ಮೇಲೆ ಡೀಸೆಲ್ ಬಿದ್ದರೆ ಹಿಂದೆ ಬರುವ ಸ್ಕೂಟರಿನವನಿಗೆ ಅದು ಕಾಣುವುದೇ ಇಲ್ಲ. ತಿರುವಿನಲ್ಲಿ ಚಕ್ರ ಜಾರಿದ ಮೇಲೆ ಗೊತ್ತಾಗುತ್ತದೆ, ಅಷ್ಟೆ. ಇನ್ನೊಂದು ವಿಷಯ ಮನೆಯದ್ದು. ನಮ್ಮಲ್ಲಿ ಗಾಡಿ ನಿಲ್ಲುವುದು ಅಂಗಳದಲ್ಲಿ, ಅಂಗಳದ ಮೂಲೆಯಲ್ಲೇ ಬಾವಿ. ಕೆಂಪುಕಲ್ಲಿನ ನೆಲ ನೀರನ್ನು ಬೇಗ ಹೀರಿಕೊಳ್ಳುತ್ತದೆ, ಎಣ್ಣೆಯನ್ನೂ ಬಿಡುವುದಿಲ್ಲ. ದುಡ್ಡಿನ ಲೆಕ್ಕವೂ ಸಣ್ಣದಲ್ಲ. ಸುಮಾರು 30 ಹನಿಗೆ 1 ಮಿಲಿಲೀಟರ್ ಎಂದು ಹಿಡಿದರೂ, ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ ಹತ್ತಿರ ಹತ್ತಿರ 3 ಲೀಟರ್ ಹೋಯಿತು.

ಈ ಕೆಲಸದಲ್ಲಿ ಬಹುಪಾಲು ಮನೆಯಲ್ಲೇ ಆಗುತ್ತದೆ. ಕೆಲವನ್ನು ಮಾತ್ರ ಗ್ಯಾರೇಜಿಗೆ ಬಿಡಲೇಬೇಕು, ಅವು ಯಾವುವು ಎಂದು ಅಲ್ಲಲ್ಲೇ ಹೇಳುತ್ತೇನೆ. ನಾನು ಹೇಳುವುದು ಇನ್‌ಲೈನ್ ಡೀಸೆಲ್ ಪಂಪ್ (ಪ್ರತಿ ಸಿಲಿಂಡರ್‌ಗೂ ಬೇರೆ ಬೇರೆ ಪೈಪಿನಲ್ಲಿ ಡೀಸೆಲ್ ತಳ್ಳುವ ಪಂಪ್) ಇರುವ ಹಳೆಯ ಗಾಡಿಗಳ ಬಗ್ಗೆ. ಎಲ್ಲ ಸಿಲಿಂಡರ್‌ಗೂ ಒಂದೇ ಪೈಪಿನಲ್ಲಿ ಡೀಸೆಲ್ ಒತ್ತಿಟ್ಟುಕೊಳ್ಳುವ ಹೊಸ ಮಾದರಿಯ ಕಾಮನ್ ರೈಲ್ ಗಾಡಿಯಲ್ಲಿ ಒತ್ತಡ ಬೇರೆಯೇ ಮಟ್ಟದ್ದು. ಇಲ್ಲಿ ಹೇಳಿದ್ದನ್ನು ಅದರ ಮೇಲೆ ಪ್ರಯೋಗ ಮಾಡಬೇಡಿ.

ರಾತ್ರಿ ರಟ್ಟು ಹಾಸಿ

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಎಂಜಿನ್‌ನಿಂದ ಗೇರ್‌ಬಾಕ್ಸ್‌ವರೆಗೆ ಅಡಿಯಲ್ಲಿ ದೊಡ್ಡ ರಟ್ಟು ಹಾಸಿ. ಫ್ರಿಜ್ ಬಂದ ಪೆಟ್ಟಿಗೆಯನ್ನು ಬಿಡಿಸಿದರೆ ಸಾಕಾಗುತ್ತದೆ. ಮುಂದಿನ ಚಕ್ರ ಎಲ್ಲಿದೆ ಎಂದು ರಟ್ಟಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಬೆಳಿಗ್ಗೆ ಕಲೆ ಬಿದ್ದ ಜಾಗ ಎಂಜಿನ್‌ನ ಯಾವ ಭಾಗದ ಕೆಳಗೆ ಬರುತ್ತದೆ ಎಂದು ಆ ಗೆರೆಯಿಂದ ತಿಳಿಯುತ್ತದೆ.

ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಮೂಸಿ ನೋಡಿ. ಡೀಸೆಲ್ ತೆಳ್ಳಗಿರುತ್ತದೆ, ರಟ್ಟಿನಲ್ಲಿ ಅಗಲಕ್ಕೆ ಹರಡುತ್ತದೆ. ಎಂಜಿನ್ ಆಯಿಲ್ ಕಪ್ಪು, ಅದರ ಕಲೆಗೆ ಅಂಚು ಇರುತ್ತದೆ. ಗೇರ್ ಆಯಿಲ್ ದಪ್ಪ, ಗಂಧಕದ ಗಬ್ಬು ವಾಸನೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಚಕ್ರದ ಒಳಬದಿಯಲ್ಲಿ ಒದ್ದೆ ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು. ಹಾಗಿದ್ದರೆ ಗಾಡಿ ಹೊರಗೆ ತೆಗೆಯಲೇಬೇಡಿ, ಉಳಿದ ಕೆಲಸವೆಲ್ಲ ಆಮೇಲೆ.

ತೊಳೆಯಿರಿ, ಒಣಗಿಸಿ, ಪೌಡರ್ ಹಾಕಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಹತ್ತು ವರ್ಷದ ಧೂಳು, ಎಣ್ಣೆ ಸೇರಿ ಎಂಜಿನ್ ಮೇಲೆ ಬೆರಳು ದಪ್ಪದ ಪದರ ಕೂತಿರುವಾಗ ಹೊಸ ಲೀಕ್ ಯಾವುದು, ಹಳೆಯದು ಯಾವುದು ಎಂದು ಯಾರೂ ಹೇಳಲಾರರು.

ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಡೀಸೆಲ್ ಪಂಪ್ ಮೇಲೆ ತಣ್ಣೀರು ಬಿದ್ದರೆ ಒಳಗಿನ ಭಾಗ ಹಿಡಿದುಕೊಳ್ಳುವ ಅಪಾಯ ಇದೆ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಆಲ್ಟರ್ನೇಟರ್, ಸೆಲ್ಫ್ ಮೋಟಾರ್, ಏರ್ ಫಿಲ್ಟರ್‌ನ ಬಾಯಿ, ಇಷ್ಟಕ್ಕೂ ಪ್ಲಾಸ್ಟಿಕ್ ಕಟ್ಟಿ. ಜಿಡ್ಡನ್ನು ಮೊದಲು ಹಳೆಯ ಚಾಕುವಿನಿಂದ ಕೆರೆದು ತೆಗೆಯಿರಿ. ಆಮೇಲೆ ಬ್ರಷ್‌ಗೆ ಸ್ವಲ್ಪ ಡೀಸೆಲ್ ಅದ್ದಿ ಉಜ್ಜಿ. ಕೊನೆಗೆ ಸೋಪಿನ ನೀರು. ಬಟ್ಟೆಯಿಂದ ಒರೆಸಿ ಚೆನ್ನಾಗಿ ಒಣಗಲು ಬಿಡಿ. ಮಳೆಗಾಲದಲ್ಲಿ ಒಂದು ದಿನ ಪೂರ್ತಿ ಬೇಕಾದೀತು.

ಒಣಗಿದ ಮೇಲೆ ಅನುಮಾನ ಇರುವ ಕಡೆಗಳಿಗೆಲ್ಲ ಮುಖಕ್ಕೆ ಹಾಕುವ ಪೌಡರ್ ಉದುರಿಸಿ. ಪ್ಲಾಸ್ಟಿಕ್ ತೆಗೆದು, ಬ್ಯಾಟರಿ ಜೋಡಿಸಿ, ಎಂಜಿನ್ ಸ್ಟಾರ್ಟ್ ಮಾಡಿ 15 ನಿಮಿಷ ಬಿಡಿ. ಬಿಳಿ ಪೌಡರ್ ಮೇಲೆ ಸಣ್ಣ ಒಸರು ಕೂಡ ಕಪ್ಪು ಗೆರೆಯಾಗಿ ಕಾಣುತ್ತದೆ. ಎಣ್ಣೆ ಕೆಳಗೆ ಹರಿಯುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾದ ಜಾಗ ಯಾವುದೋ ಅದೇ ಮೂಲ. ಹನಿ ಬೀಳುವ ಜಾಗ ಮೂಲ ಅಲ್ಲ.

ಈ ಮಾತು ಕಲಿಯಲು ನಾನು ದೊಡ್ಡ ಬೆಲೆ ಕೊಟ್ಟಿದ್ದೇನೆ. ಒಂದು ವರ್ಷ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ಗ್ಯಾರೇಜಿನಲ್ಲಿ ನೋಡಿದ ತಕ್ಷಣ ಕ್ರ್ಯಾಂಕ್‌ನ (ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡದ) ಹಿಂದಿನ ಸೀಲ್ ಹೋಗಿದೆ ಅಂದರು. ಗೇರ್‌ಬಾಕ್ಸ್ ಇಳಿಸಿದರು, ಸೀಲ್ ಹಾಕಿದರು, ಇಳಿಸಿದ್ದೇವಲ್ಲ ಎಂದು ಕ್ಲಚ್ ಪ್ಲೇಟೂ ಬದಲಾಯಿಸಿದರು. ಗಾಡಿ ನಾಲ್ಕು ದಿನ ನಿಂತಿತು. ಒಂದು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಹನಿ, ಅದೇ ಜಾಗ. ಆಗ ನಾನೇ ಕೂತು ತೊಳೆದು ಪೌಡರ್ ಹಾಕಿ ನೋಡಿದೆ. ಎಂಜಿನ್ ತಲೆಯ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್‌ನ ಹಿಂದಿನ ಮೂಲೆಯಿಂದ ಕೂದಲಿನಷ್ಟು ತೆಳ್ಳಗಿನ ಗೆರೆ ಎಂಜಿನ್‌ನ ಬೆನ್ನಿನಲ್ಲಿ ಇಳಿದು ಬಂದಿತ್ತು. ಒಂದು ಕಾರ್ಕ್ ಪ್ಯಾಕಿಂಗ್‌ನಲ್ಲಿ ಮುಗಿಯುವ ಕೆಲಸವಾಗಿತ್ತು ಅದು.

ಡೀಸೆಲ್ ಬದಿ: ಎಳೆಯುವ ಪೈಪ್, ತಳ್ಳುವ ಪೈಪ್

ಟ್ಯಾಂಕಿನಿಂದ ಫೀಡ್ ಪಂಪ್‌ವರೆಗೆ ಡೀಸೆಲ್ ಎಳೆಸಿಕೊಂಡು ಬರುತ್ತದೆ. ಫೀಡ್ ಪಂಪ್‌ನಿಂದ ಫಿಲ್ಟರ್, ಅಲ್ಲಿಂದ ದೊಡ್ಡ ಪಂಪ್‌ವರೆಗೆ ಸಣ್ಣ ಒತ್ತಡದಲ್ಲಿ ಹೋಗುತ್ತದೆ. ದೊಡ್ಡ ಪಂಪ್‌ನಿಂದ, ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗೆ ಭಾರೀ ಒತ್ತಡ. ನಾಝಲ್‌ನಲ್ಲಿ ಉಳಿದದ್ದು ರಿಟರ್ನ್ ಪೈಪಿನಲ್ಲಿ ವಾಪಸ್ ಬರುತ್ತದೆ. ಈ ಭಾಗಗಳ ಲೀಕ್ ಒಂದೊಂದು ರೀತಿ ಕಾಣಿಸಿಕೊಳ್ಳುತ್ತದೆ.

ಎಳೆಯುವ ಭಾಗದಲ್ಲಿ ತೂತಾದರೆ ಡೀಸೆಲ್ ಹೊರಗೆ ಬರಬೇಕೆಂದೇನೂ ಇಲ್ಲ. ಎಂಜಿನ್ ಓಡುವಾಗ ಗಾಳಿ ಒಳಗೆ ಹೋಗುತ್ತದೆ. ಬೆಳಿಗ್ಗೆ ಸೆಲ್ಫ್ ಜಾಸ್ತಿ ಹೊಡೆಯಬೇಕಾಗುತ್ತದೆ, ಸ್ಟಾರ್ಟ್ ಆಗಿ ಅರ್ಧ ನಿಮಿಷಕ್ಕೆ ನಿಂತುಬಿಡುತ್ತದೆ, ಶಿರಾಡಿ ಏರುವಾಗ ಪುಲ್ಲಿಂಗ್ ಇಲ್ಲ. ಜನ ಪಂಪ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಮೊದಲು ಫೀಡ್ ಪಂಪ್‌ಗೆ ಬರುವ ಪೈಪಿನ ಬದಲು ತಾತ್ಕಾಲಿಕವಾಗಿ ಒಂದು ಅಡಿ ಪಾರದರ್ಶಕ ಪೈಪ್ ಹಾಕಿ ನೋಡಿ. ಎಂಜಿನ್ ಓಡುವಾಗ ಅದರಲ್ಲಿ ಗುಳ್ಳೆ ಸಾಲು ಹೋಗುತ್ತಿದ್ದರೆ ಗಾಳಿ ಅದಕ್ಕಿಂತ ಹಿಂದೆ ಎಲ್ಲೋ ಸೇರುತ್ತಿದೆ. ಫೀಡ್ ಪಂಪ್‌ನ ಮೇಲೆ ಕೈಯಲ್ಲಿ ಒತ್ತುವ ಹಿಡಿ ಇದೆಯಲ್ಲ, ಅದನ್ನು ಏರ್ ತೆಗೆದ ಮೇಲೆ ತಿರುಗಿಸಿ ಬಿಗಿ ಮಾಡದೆ ಬಿಟ್ಟರೂ ಇದೇ ತೊಂದರೆ. ಇದು ತುಂಬಾ ಸಲ ಆಗುತ್ತದೆ.

ನಮ್ಮ ಕರಾವಳಿಯಲ್ಲಿ ಎಳೆಯುವ ಪೈಪ್ ಬೇಗ ಹೋಗುವುದಕ್ಕೆ ಕಾರಣ ಉಪ್ಪು. ಕಡಲ ಗಾಳಿ ಒಂದು ಕಡೆ, ಮೀನಿನ ಪೆಟ್ಟಿಗೆಯಿಂದ ಇಳಿಯುವ ಮಂಜುಗಡ್ಡೆಯ ಉಪ್ಪುನೀರು ಇನ್ನೊಂದು ಕಡೆ. ಕಬ್ಬಿಣದ ಪೈಪ್ ಚಾಸಿಸ್‌ಗೆ ಕ್ಲಿಪ್ ಹಾಕಿದ ಜಾಗದಲ್ಲಿ ಕೆಸರು ಮತ್ತು ಉಪ್ಪು ಕೂತು ಒಳಗಿಂದೊಳಗೆ ತಿನ್ನುತ್ತದೆ. ಹೊರಗೆ ಬಣ್ಣ ಚೆನ್ನಾಗೇ ಕಾಣುತ್ತದೆ. ಪ್ರತಿ ಕ್ಲಿಪ್ ಬಿಚ್ಚಿ ಅದರ ಅಡಿಯನ್ನು ನೋಡಿ, ಉಗುರಿನಿಂದ ಕೆರೆಯಿರಿ. ತುಕ್ಕು ಪದರ ಪದರವಾಗಿ ಎದ್ದರೆ ಇಡೀ ಪೈಪ್ ಬದಲಾಯಿಸಿ. ಮಧ್ಯೆ ಕತ್ತರಿಸಿ ರಬ್ಬರ್ ಹೋಸ್ ಸೇರಿಸಿ ಕ್ಲಿಪ್ ಹಾಕುವುದು ಮನೆ ತಲುಪುವವರೆಗೆ ಸಾಕು, ಅದಕ್ಕಿಂತ ಹೆಚ್ಚು ದಿನ ನಂಬಬೇಡಿ. ಹೋಸ್ ಹಾಕುವುದಾದರೆ ಡೀಸೆಲ್‌ಗೆಂದೇ ಮಾಡಿದ್ದನ್ನು ಕೇಳಿ ತನ್ನಿ. ನೀರಿನ ಪೈಪ್ ಡೀಸೆಲ್‌ನಲ್ಲಿ ಉಬ್ಬಿ ಮೆತ್ತಗಾಗುತ್ತದೆ.

ರಬ್ಬರ್ ಸೀಲ್‌ಗಳ ಬಗ್ಗೆ ಒಂದು ಮಾತು. 2020ರ ಏಪ್ರಿಲ್‌ನಿಂದ ದೇಶದ ಬಂಕ್‌ಗಳಲ್ಲಿ ಸಿಗುವುದು ಹೊಸ ಮಾಲಿನ್ಯ ಮಾನದಂಡದ ಬಿಎಸ್-6 ಡೀಸೆಲ್. ಅದರಲ್ಲಿ ಗಂಧಕ 10 ಪಿಪಿಎಂಗೆ (ಹತ್ತು ಲಕ್ಷದಲ್ಲಿ 10 ಭಾಗ) ಇಳಿದಿದೆ, ಬಿಎಸ್-4ರಲ್ಲಿ 50 ಇತ್ತು. ಹಳೆಯ ಡೀಸೆಲ್‌ನಲ್ಲಿ ವರ್ಷಗಟ್ಟಲೆ ನೆನೆದು ಉಬ್ಬಿ ಕೂತಿದ್ದ ನೈಟ್ರೈಲ್ ರಬ್ಬರ್ ಹೊಸ ಡೀಸೆಲ್‌ನಲ್ಲಿ ಕುಗ್ಗಿ ಒಸರಬಹುದು. ಹೊಸದು ಹಾಕುವಾಗ ವೈಟಾನ್ ಎಂಬ ಬೇರೆ ಜಾತಿಯ ರಬ್ಬರಿನ ಸೀಲ್ ಸಿಕ್ಕಿದರೆ ಅದನ್ನೇ ಹಾಕಿ. ದುಡ್ಡು ಸ್ವಲ್ಪ ಜಾಸ್ತಿ, ಬಾಳಿಕೆಯೂ ಜಾಸ್ತಿ.

ತಾಮ್ರದ ವಾಷರ್

ಫಿಲ್ಟರ್‌ಗೆ ಪೈಪನ್ನು ಹಿಡಿಸುವ ಟೊಳ್ಳು ಬೋಲ್ಟ್, ಅಂದರೆ ಬ್ಯಾಂಜೋ ಬೋಲ್ಟ್ ಒಂದನ್ನು ಬಿಚ್ಚಿ, ಅದರ ವಾಷರ್ ಅನ್ನು ಬೆಳಕಿಗೆ ಹಿಡಿದು ನೋಡಿ. ಹಳೆಯ ವಾಷರ್‌ನ ಮೈ ಕಪ್ಪಾಗಿರುತ್ತದೆ. ಎರಡೂ ಬದಿಯಲ್ಲಿ ಒಂದು ಉಂಗುರದ ಗುಂಡಿ ಬಿದ್ದಿರುತ್ತದೆ, ಉಗುರು ಎಳೆದರೆ ತಡೆಯುತ್ತದೆ. ಅಲ್ಲಿ ಕೂದಲೆಳೆಯಷ್ಟು ಗೀರು ಅಡ್ಡ ಬಿದ್ದಿದ್ದರೆ ಸಾಕು, ಡೀಸೆಲ್‌ಗೆ ದಾರಿಯಾಯಿತು. ಒಮ್ಮೆ ಒತ್ತಿದ ತಾಮ್ರ ಗಟ್ಟಿಯಾಗಿಬಿಡುತ್ತದೆ. ಮತ್ತೆ ಬಿಗಿ ಮಾಡಿದರೆ ಹೊಸ ಜಾಗಕ್ಕೆ ಹೊಂದಿಕೊಳ್ಳುವುದಿಲ್ಲ. ಲೀಕ್ ನಿಲ್ಲಲಿಲ್ಲ ಎಂದು ಇನ್ನೂ ಬಿಗಿ ಮಾಡುತ್ತೇವೆ, ಬೋಲ್ಟ್ ಒಳಗೆ ಟೊಳ್ಳು, ಮುರಿದು ಕೈಗೆ ಬರುತ್ತದೆ.

ಹೊಸ ವಾಷರ್ ಹಾಕುವುದೇ ಸರಿ. ಬ್ಯಾಂಜೋ ಒಂದಕ್ಕೆ ಎರಡು ಬೇಕು, ಮೇಲೊಂದು ಕೆಳಗೊಂದು. ಹಳೆಯದನ್ನು ಅಂಗಡಿಗೆ ಒಯ್ದು ಒಳಗಿನ ಮತ್ತು ಹೊರಗಿನ ಅಳತೆ ಹೊಂದಿಸಿ ತನ್ನಿ. ದಾರಿ ಮಧ್ಯೆ ಸಿಕ್ಕಿಬಿದ್ದರೆ ಹಳೆಯದನ್ನೇ ಮೆತ್ತಗೆ ಮಾಡಬಹುದು. ಗಾಡಿಯಿಂದ ದೂರ ಹೋಗಿ, ಇಕ್ಕುಳದಲ್ಲಿ ಹಿಡಿದು ಗ್ಯಾಸ್ ಒಲೆಯ ಮೇಲೆ ಮಂಕು ಕೆಂಪಾಗುವವರೆಗೆ ಕಾಯಿಸಿ, ನೀರಿಗೆ ಹಾಕಿ. ತಾಮ್ರ ಕಬ್ಬಿಣದ ಹಾಗಲ್ಲ, ಕಾಯಿಸಿ ತಣಿಸಿದರೆ ಮೆದುವಾಗುತ್ತದೆ. ಕಪ್ಪು ಪೊರೆಯನ್ನು ಸಣ್ಣ ಎಮರಿ ಕಾಗದವನ್ನು ಗಾಜಿನ ಮೇಲೆ ಹಾಸಿ ಉಜ್ಜಿ ತೆಗೆಯಿರಿ, ಎರಡೂ ಮೈ ಸಮ ಆಗುತ್ತದೆ.

ವಾಷರ್ ಕೂರುವ ಜಾಗವನ್ನು ಬರಿಗೈಯಲ್ಲಿ ಸವರಿ ನೋಡಿ. ಹಳೆಯ ಗಮ್, ಕಸ ಇದ್ದರೆ ಒರೆಸಿ. ಡೀಸೆಲ್ ಪೈಪಿಗೆ ಟೆಫ್ಲಾನ್ ಟೇಪ್ ಸುತ್ತಲೇಬೇಡಿ. ಅದರ ಒಂದು ಎಳೆ ಒಳಗೆ ಹೋದರೂ ನಾಝಲ್ ಕಟ್ಟಿಕೊಳ್ಳುತ್ತದೆ. ಮಲ್ಪೆಯ ಹತ್ತಿರದ ಒಬ್ಬ ಹಿರಿಯ ಪಂಪ್ ಮೆಕ್ಯಾನಿಕ್ ನನಗೆ ಹೇಳಿದ್ದು ಇಷ್ಟೆ: "ಡೀಸೆಲ್ ಲೈನ್ ಬಿಚ್ಚುವ ಮೊದ್ಲು ಹೊರಗೆ ತೊಳಿ ಮಾರಾಯ, ಬಿಚ್ಚಿದ ಮೇಲೆ ಬಾಯಿ ಮುಚ್ಚಿಡು." ಬಿಚ್ಚಿದ ಪ್ರತಿ ಪೈಪಿನ ತುದಿಗೆ ಸ್ವಚ್ಛ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವುದನ್ನು ನಾನು ಅಂದಿನಿಂದ ತಪ್ಪಿಸಿಲ್ಲ.

ಪ್ರೆಷರ್ ಪೈಪ್: ಇಲ್ಲಿ ಕೈ ಇಡಬೇಡಿ

ದೊಡ್ಡ ಪಂಪ್‌ನಿಂದ ನಾಝಲ್‌ಗೆ ಹೋಗುವ ಉಕ್ಕಿನ ಪೈಪ್‌ಗಳಲ್ಲಿ ಲೀಕ್ ಇದ್ದರೆ ಅದು ಹೊಗೆಯ ಹಾಗೆ ಸಿಂಪಡಿಸುತ್ತದೆ. ಎಂಜಿನ್ ಓಡುವಾಗ ಬೆರಳಿನಿಂದ ಹುಡುಕಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ನೋವೂ ಮೊದಲು ಕಡಿಮೆ ಇರಬಹುದು. ಆದರೆ ಒಳಗೆ ಮಾಂಸ ಕೊಳೆತು ಬೆರಳು ಕಳೆದುಕೊಳ್ಳುವ ಸಂದರ್ಭ ಬರಬಹುದು. ಹಾಗಾದರೆ ನೋವು ಬರಲಿ ಎಂದು ಕಾಯದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೋಗಿದೆ ಎಂದು ಬಾಯಿ ಬಿಟ್ಟು ಹೇಳಿ. ಹುಡುಕಲು ಉದ್ದನೆಯ ರಟ್ಟಿನ ತುಂಡು ಹಿಡಿಯಿರಿ, ಒದ್ದೆಯಾದ ಕಡೆ ಲೀಕ್. ಕಣ್ಣಿಗೆ ಕನ್ನಡಕ ಇರಲಿ.

ನಟ್ ಹತ್ತಿರ ಒಸರುತ್ತಿದ್ದರೆ ಎಂಜಿನ್ ನಿಲ್ಲಿಸಿ, ನಟ್ ಪೂರ್ತಿ ಸಡಿಲಿಸಿ, ಪೈಪಿನ ತುದಿ ನೇರವಾಗಿ ಕೂರುವಂತೆ ಮಾಡಿ, ಮತ್ತೆ ಬಿಗಿ ಮಾಡಿ. ಓರೆಯಾಗಿ ಕೂತಿದ್ದರೆ ಎಷ್ಟು ಬಿಗಿ ಮಾಡಿದರೂ ಪ್ರಯೋಜನ ಇಲ್ಲ. ಪೈಪೇ ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಬೇಡ, ಅದೇ ಸಿಲಿಂಡರ್‌ನ ಅದೇ ಉದ್ದದ ಹೊಸ ಪೈಪ್ ಹಾಕಿ. ಪೈಪ್ ಯಾಕೆ ಒಡೆಯಿತು ಎಂದೂ ನೋಡಿ. ಪೈಪ್‌ಗಳನ್ನು ಜೋಡಿಸಿ ಹಿಡಿಯುವ ಸಣ್ಣ ಕ್ಲಾಂಪ್‌ಗಳನ್ನು ಯಾರೋ ಬಿಚ್ಚಿ ಮತ್ತೆ ಹಾಕಿರುವುದಿಲ್ಲ, ಪೈಪ್ ನಡುಗಿ ನಡುಗಿ ಒಡೆಯುತ್ತದೆ. ಪಂಪ್‌ನ ತಲೆಯ ಮೇಲಿನ ಡೆಲಿವರಿ ವಾಲ್ವ್ ಹೋಲ್ಡರ್ ಒಸರುತ್ತಿದ್ದರೆ ಮಾತ್ರ ಅದಕ್ಕೆ ನೀವು ಸ್ಪ್ಯಾನರ್ ಹಾಕಬೇಡಿ. ಅದು ಪಂಪ್ ಕ್ಯಾಲಿಬ್ರೇಷನ್ ಮಾಡುವವರ ಕೆಲಸ.

ಏರ್ ತೆಗೆಯುವುದು

ಡೀಸೆಲ್ ಲೈನ್ ಬಿಚ್ಚಿದ ಮೇಲೆ ಈ ಕೆಲಸ ಇದ್ದದ್ದೇ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಅಡಿಗೆ ಡಬ್ಬ ಹಿಡಿಯಿರಿ. ಫೀಡ್ ಪಂಪ್ ಮೇಲಿನ ಹಿಡಿಯನ್ನು ಒತ್ತುತ್ತಾ ಹೋಗಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಇನ್ನು ದೊಡ್ಡ ಪಂಪ್‌ನ ಸ್ಕ್ರೂಗೆ ಇದನ್ನೇ ಮಾಡಿ. ಆಮೇಲೂ ಎಂಜಿನ್ ಸ್ಟಾರ್ಟ್ ಆಗದಿದ್ದರೆ ನಾಝಲ್ ಕಡೆಯ ನಟ್‌ಗಳನ್ನು ಒಂದು ಸುತ್ತು ಸಡಿಲಿಸಿ, ಮುಖ ದೂರ ಇಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. 10 ಸೆಕೆಂಡ್ ಹೊಡೆದರೆ ಸಾಕು, ಸೆಲ್ಫ್ ತಣಿಯಲು ಸ್ವಲ್ಪ ಬಿಟ್ಟು ಮತ್ತೆ. ಡೀಸೆಲ್ ಬಂದ ಕೂಡಲೇ ನಟ್ ಬಿಗಿ ಮಾಡಿ.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಏರುತ್ತಿದೆಯೇ?

ಹೊರಗೆ ಹನಿ ಇಲ್ಲ, ಡೀಸೆಲ್ ಮಾತ್ರ ಜಾಸ್ತಿ ಕುಡಿಯುತ್ತಿದೆ, ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ದಿನದಿನಕ್ಕೆ ಏರುತ್ತಿದೆ. ಹಾಕದೆ ಆಯಿಲ್ ಹೆಚ್ಚಾದರೆ ಅದು ಲಾಭ ಅಲ್ಲ. ಫೀಡ್ ಪಂಪ್‌ನ ಸವೆದ ಸ್ಪಿಂಡಲ್ ಅಥವಾ ದೊಡ್ಡ ಪಂಪ್‌ನ ಸವೆದ ಎಲಿಮೆಂಟ್ (ಡೀಸೆಲ್ ತಳ್ಳುವ ಒಳಭಾಗ) ಮೂಲಕ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರುತ್ತಿರುತ್ತದೆ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಮಟ್ಟ ತೀರಾ ಏರಿದರೆ ಎಂಜಿನ್ ಆ ಆಯಿಲನ್ನೇ ಉರಿಸಿಕೊಂಡು ಕೀ ತೆಗೆದರೂ ನಿಲ್ಲದೆ ಓಡುವ ಅಪಾಯ ಇದೆ. ಅನುಮಾನ ಬಂದರೆ ಡಿಪ್‌ಸ್ಟಿಕ್‌ನ ಒಂದು ಹನಿಯನ್ನು ಪತ್ರಿಕೆಯ ತುಂಡಿನ ಮೇಲೆ ಬಿಡಿ. ಕಪ್ಪು ಚುಕ್ಕಿಯ ಸುತ್ತ ಅಗಲವಾದ ತೆಳು ಎಣ್ಣೆ ಉಂಗುರ ಹರಡಿ, ಡೀಸೆಲ್ ವಾಸನೆ ಬಂದರೆ ಗಾಡಿ ನಿಲ್ಲಿಸಿ. ಫೀಡ್ ಪಂಪ್ ಬದಲಾಯಿಸುವುದು ಸುಲಭ, ಅಲ್ಲಿಂದ ಶುರು ಮಾಡಿ. ಆಮೇಲೆ ಆಯಿಲ್, ಆಯಿಲ್ ಫಿಲ್ಟರ್ ಎರಡೂ ಹೊಸದು.

ಆಯಿಲ್ ಬದಿ: ಮೊದಲು ಬ್ರೀದರ್

ಎಂಜಿನ್‌ನ ನಾಲ್ಕೈದು ಕಡೆ ಒಟ್ಟಿಗೆ ಆಯಿಲ್ ಒಸರಲು ಶುರುವಾದರೆ ನಾಲ್ಕೈದು ಸೀಲ್ ಒಟ್ಟಿಗೆ ಹೋಗಿವೆ ಎಂದಲ್ಲ. ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ಕಟ್ಟಿಕೊಂಡಿರಬಹುದು. ಒಳಗೆ ಒತ್ತಡ ತುಂಬಿ ಸಿಕ್ಕ ಸಂದಿನಿಂದೆಲ್ಲ ಆಯಿಲ್ ತಳ್ಳುತ್ತದೆ. ಪೈಪ್ ಬಿಚ್ಚಿ ಊದಿ ನೋಡಿ, ಡೀಸೆಲ್‌ನಲ್ಲಿ ತೊಳೆಯಿರಿ. ಕೆಲವೊಮ್ಮೆ ಕಣಜದ ಮಣ್ಣಿನ ಗೂಡು ಕೂಡ ಸಿಗುತ್ತದೆ. ನಂತರ ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಕವುಚಿ ಸುಮ್ನೆ ಇಡಿ. ಸ್ವಲ್ಪ ಅಲುಗಿದರೆ ಪರವಾಗಿಲ್ಲ. ಕುಣಿದು ಕೆಳಗೆ ಬೀಳುವಷ್ಟು ಗಾಳಿ, ಜತೆಗೆ ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಆಗ ಎಷ್ಟು ಹೊಸ ಸೀಲ್ ಹಾಕಿದರೂ ದುಡ್ಡು ದಂಡ, ಎಂಜಿನ್ ಕೆಲಸಕ್ಕೇ ಇಳಿಸಬೇಕು.

ಟ್ಯಾಪೆಟ್ ಕವರ್‌ನಲ್ಲಿ ಜನ ಮಾಡುವ ತಪ್ಪು, ಲೀಕ್ ಕಂಡಾಗಲೆಲ್ಲ ನಟ್ ಬಿಗಿ ಮಾಡುವುದು. ತಗಡಿನ ಕವರ್ ಆದರೆ ಬೋಲ್ಟ್ ಹತ್ತಿರ ಒಳಕ್ಕೆ ಬಗ್ಗಿ ನಡುವಿನ ಭಾಗ ಮೇಲೆದ್ದು ನಿಲ್ಲುತ್ತದೆ. ಕವರ್ ತೆಗೆದು ಗಾಜಿನ ಮೇಲೋ ಸಮ ಕಲ್ಲಿನ ಮೇಲೋ ಇಟ್ಟು ನೋಡಿ, ಅಲುಗಿದರೆ ಬಗ್ಗಿದೆ. ಬೋಲ್ಟ್ ತೂತಿನ ಸುತ್ತ ಅಡಿಗೆ ಮರದ ತುಂಡು ಕೊಟ್ಟು ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಸಮ ಮಾಡಿ. ಹಳೆಯ ಪ್ಯಾಕಿಂಗ್ ಪೂರ್ತಿ ಕೆರೆಯಿರಿ, ಚೂರುಗಳು ಒಳಗೆ ಬೀಳದಂತೆ ಬಟ್ಟೆ ಹಾಸಿಕೊಳ್ಳಿ. ಹೊಸ ಕಾರ್ಕ್ ಪ್ಯಾಕಿಂಗ್ ಇಟ್ಟು ನಡುವಿನಿಂದ ಶುರು ಮಾಡಿ ಎರಡು ಮೂರು ಸುತ್ತಿನಲ್ಲಿ ಸಮವಾಗಿ ಬಿಗಿ ಮಾಡಿ. ಕಾರ್ಕ್ ಸ್ವಲ್ಪ ಅಮುಕಿದರೆ ಸಾಕು, ಬದಿಗೆ ಉಬ್ಬಿ ಹೊರಗೆ ಬರಬಾರದು.

ಗ್ಯಾಸ್ಕೆಟ್ ಗಮ್ ಬೇಕಾದ ಕಡೆ ತೆಳು ಗೆರೆ ಸಾಕು. ಹೊರಗೆ ಇಣುಕಿದಷ್ಟೇ ಒಳಗೂ ಇಣುಕಿರುತ್ತದೆ. ಒಳಗಿನದು ಕಿತ್ತು ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ, ಅಂದರೆ ಚೇಂಬರ್‌ಗೆ ಬಿದ್ದು ಆಯಿಲ್ ಪಂಪ್‌ನ ಜಾಲರಿ ಮುಚ್ಚಿದರೆ ಎಂಜಿನ್ನೇ ಹೋಗುತ್ತದೆ.

ಚೇಂಬರ್‌ನ ಡ್ರೈನ್ ಬೋಲ್ಟ್‌ಗೂ ತಾಮ್ರದ ಕಥೆಯೇ. ಆಯಿಲ್ ಪ್ರೆಷರ್ ಸ್ವಿಚ್ ನಡುವಿನಿಂದ ಒಸರಿದರೆ ಸ್ವಿಚ್ ಬದಲಾಯಿಸಿ, ಅದರ ವೈರ್ ಒಳಗೆ ಆಯಿಲ್ ಇದೆಯೇ ಎಂದು ಕಿತ್ತು ನೋಡಿದರೆ ಗೊತ್ತಾಗುತ್ತದೆ. ಕ್ರ್ಯಾಂಕ್‌ನ ಮುಂದಿನ ಸೀಲ್ ಬದಲಾಯಿಸುವಾಗ ಸೀಲ್ ಉಜ್ಜುವ ಜಾಗದಲ್ಲಿ ಗುಂಡಿ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಹೊಸ ಸೀಲೂ ನಿಲ್ಲುವುದಿಲ್ಲ, ಲೇತ್‌ನವರಿಂದ ಸ್ಲೀವ್ ಹಾಕಿಸಬೇಕು. ಹಿಂದಿನ ಸೀಲ್‌ಗೆ ಗೇರ್‌ಬಾಕ್ಸ್ ಇಳಿಸಲೇಬೇಕು, ಅದು ಮನೆಯಂಗಳದ ಕೆಲಸ ಅಲ್ಲ. ಆದರೆ ಗ್ಯಾರೇಜಿಗೆ ಬಿಡುವ ಮೊದಲು ಪೌಡರ್ ಪರೀಕ್ಷೆ ಮುಗಿಸಿಯೇ ಬಿಡಿ.

ಟ್ಯಾಂಕಿನಲ್ಲಿ ಸಣ್ಣ ತೂತು

ದಾರಿಯಲ್ಲಿ ಟ್ಯಾಂಕ್ ಸೋರಿದರೆ ಬಟ್ಟೆ ಒಗೆಯುವ ಸೋಪಿನ ಬಿಲ್ಲೆಯನ್ನು ತೂತಿನ ಮೇಲೆ ಗಟ್ಟಿಯಾಗಿ ಉಜ್ಜಿ ತುಂಬಿ. ಸೋಪು ಡೀಸೆಲ್‌ನಲ್ಲಿ ಕರಗುವುದಿಲ್ಲ, ಮನೆಗೆ ತಲುಪಿಸುತ್ತದೆ. ಆದರೆ ಜೋರು ಮಳೆಗೆ ತೊಳೆದುಹೋಗುತ್ತದೆ ಎಂದು ನೆನಪಿರಲಿ. ಎಂ-ಸೀಲ್ ಕೂಡ ಹಾಗೇ, ತಾತ್ಕಾಲಿಕ. ಖಾಲಿ ಮಾಡಿದ ಟ್ಯಾಂಕಿಗೆ ನೀವೇ ವೆಲ್ಡಿಂಗ್ ಹಚ್ಚಬೇಡಿ. ಒಳಗೆ ಉಳಿದ ಆವಿ ಸಿಡಿಯುತ್ತದೆ. ಟ್ಯಾಂಕ್ ತೊಳೆದು ಬೆಸುಗೆ ಹಾಕುವುದೇ ಕಸುಬಾಗಿರುವವರಿಗೆ ಕೊಡಿ. ಟ್ಯಾಂಕನ್ನು ಹಿಡಿಯುವ ಪಟ್ಟಿಯ ಅಡಿಯ ರಬ್ಬರ್ ಹೊಸದು ಹಾಕಿ, ತುಕ್ಕು ಅಲ್ಲಿಂದಲೇ ಶುರು.

ಕೊನೆಯ ಪರೀಕ್ಷೆ

ಎಲ್ಲ ಜೋಡಿಸಿದ ಮೇಲೆ ನಾನು ಉಡುಪಿಯಿಂದ ಮಣಿಪಾಲದ ಏರು ಹತ್ತಿ ಇಳಿದು ಬರುತ್ತೇನೆ. ಎಂಜಿನ್ ಬಿಸಿಯಾಗಿ ಎಳೆಯುವಾಗ ಒಸರದ್ದು ಸಾಮಾನ್ಯವಾಗಿ ಮತ್ತೆ ಒಸರುವುದಿಲ್ಲ. ಮನೆಗೆ ಬಂದು ಟಾರ್ಚ್ ಹಿಡಿದು ಪ್ರತಿ ಜೋಡಣೆಯನ್ನು ಟಿಶ್ಯೂ ಕಾಗದದಿಂದ ಒರೆಸಿ ನೋಡಿ. ಎಂಜಿನ್ ತಣ್ಣಗಾದ ಮೇಲೆ ಕಾರ್ಕ್ ಪ್ಯಾಕಿಂಗ್‌ನ ನಟ್‌ಗಳನ್ನು ಒಮ್ಮೆ ಮುಟ್ಟಿ ನೋಡಿ, ಸಡಿಲ ಆಗಿದ್ದಷ್ಟೇ ಬಿಗಿ ಮಾಡಿ. ಡಿಪ್‌ಸ್ಟಿಕ್‌ನ ಮಟ್ಟವನ್ನು ತಾರೀಕಿನ ಜತೆ ಬರೆದಿಡಿ.

ತೆಗೆದ ಹಳೆಯ ಆಯಿಲ್, ತೊಳೆದ ಡೀಸೆಲ್ ಎರಡನ್ನೂ ಡಬ್ಬದಲ್ಲಿ ತುಂಬಿ ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ. ಮನೆ ಹಿಂದಿನ ತೋಡಿಗೆ ಸುರಿದರೆ ಮಳೆನೀರಿನ ಜತೆ ಅದು ಹೊಳೆಗೆ, ಹೊಳೆಯಿಂದ ಕಡಲಿಗೆ. ಆಗಸ್ಟ್‌ನಲ್ಲಿ ಅದೇ ಕಡಲಿನ ಮೀನನ್ನು ನಾವು ಗಾಡಿಗೆ ತುಂಬುವುದು. ಇಷ್ಟೆಲ್ಲ ಆದ ಮೇಲೆ ರಾತ್ರಿ ಮತ್ತೆ ಹೊಸ ರಟ್ಟು ಹಾಸಿ, ಚಕ್ರದ ಗೆರೆ ಎಳೆದು ಮಲಗಿ. ಮೂರು ಬೆಳಗ್ಗೆ ರಟ್ಟು ಒಣಗಿದ್ದರೆ ಅದನ್ನು ಮಡಚಿ ಎತ್ತಿಡಬಹುದು.